ಸಿಗರೇಟು ಸೇದದವರ ಸಿಒಪಿಡಿ ಸಂಶೋಧನೆಯ ಹೊರಗೆ ಉಳಿದದ್ದು ಹೇಗೆ?

ಶ್ವಾಸನಾಳಗಳು ಕಿರಿದಾಗಿ ಉಸಿರು ಕಟ್ಟುವ ಸಿಒಪಿಡಿ ರೋಗಕ್ಕೆ 2024–25ರಲ್ಲಿ ಅಮೆರಿಕದಲ್ಲಿ ಮೂರು ಹೊಸ ಔಷಧಗಳಿಗೆ ಒಪ್ಪಿಗೆ ಸಿಕ್ಕಿತು. ಅವು ಯಾರಿಗೆ ಸಲ್ಲುತ್ತವೆ ಎಂಬುದು ಮಾತ್ರ ಸುಲಭವಾಗಿ ಬಗೆಹರಿಯುವುದಿಲ್ಲ.

1846ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್ಸನ್ ಸ್ಪೈರೋಮೀಟರ್ ಎಂಬ ಉಪಕರಣದಿಂದ ಉಸಿರನ್ನು ಅಳೆದರು; ಮುಂದಿನ ಶತಮಾನದಲ್ಲಿ ತಂಬಾಕಿನ ಪಾತ್ರ ಖಚಿತವಾಯಿತು. 1977ರಲ್ಲಿ ಸಂಶೋಧಕರಾದ ಫ್ಲೆಚರ್ ಮತ್ತು ಪೀಟೊ, ಲಂಡನ್ನಿನ ಗಂಡಸರ ಮೇಲಿನ ಎಂಟು ವರ್ಷಗಳ ಅಧ್ಯಯನದಿಂದ ಒಂದು ರೇಖೆ ಎಳೆದರು: ಸಿಗರೇಟು ಸೇದುವವರ ಪೈಕಿ ಹೊಗೆ ತಾಳದವರ ಶ್ವಾಸಕೋಶದ ಸಾಮರ್ಥ್ಯ ಬೇಗ ಕುಸಿಯುತ್ತದೆ, ಸಿಗರೇಟು ಬಿಟ್ಟರೆ ಕುಸಿತ ನಿಧಾನವಾಗುತ್ತದೆ. ರೇಖೆಯೇನೋ ಸರಿ. ಆದರೆ ರೋಗಕ್ಕೆ ಅದೊಂದೇ ದಾರಿ ಎಂಬ ನಂಬಿಕೆ ದಶಕಗಳ ಕಾಲ ಬೇರುಬಿಟ್ಟಿತು.

2015ರಲ್ಲಿ ಪೀಟರ್ ಲಾಂಗೆ ಮತ್ತು ಸಂಗಡಿಗರು ಮೂರು ದೀರ್ಘಾವಧಿ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಬೇರೆಯೇ ಸಂಗತಿ ಕಂಡಿತು. ಸಿಒಪಿಡಿ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರ ಉಸಿರಿನ ಸಾಮರ್ಥ್ಯ ನಲವತ್ತಕ್ಕೆ ಮುಂಚೆಯೇ ಕಡಿಮೆಯಿತ್ತು. ಅವರಲ್ಲಿ ಕುಸಿತ ವೇಗವಾಗಿರಲಿಲ್ಲ. ಏರಬೇಕಾದ ಮಟ್ಟಕ್ಕೆ ಏರಿಯೇ ಇರಲಿಲ್ಲ. ಅವಧಿಗೆ ಮುನ್ನ ಹುಟ್ಟುವುದು, ಬಾಲ್ಯದ ಸೋಂಕು, ಮನೆಯೊಳಗಿನ ಹೊಗೆ ಎಲ್ಲವೂ ಲೆಕ್ಕಕ್ಕೆ ಬಂದವು.

ಅತ್ತ ಔಷಧ ಸಂಶೋಧನೆ, ಕೆಲವು ರೋಗಿಗಳಲ್ಲಿ ಉರಿಯೂತ ಹೆಚ್ಚಿಸುವ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣದ ಬೆನ್ನು ಹತ್ತಿತ್ತು. 2017ರಲ್ಲಿ ಈ ಕಣವನ್ನು ತಗ್ಗಿಸುವ ಮೆಪೊಲಿಜುಮ್ಯಾಬ್ ಎಂಬ ಔಷಧದ ಎರಡು ಪ್ರಯೋಗಗಳಲ್ಲಿ ಒಂದು ಗೆದ್ದಿತು, ಇನ್ನೊಂದು ಗೆಲ್ಲಲಿಲ್ಲ. 2019ರಲ್ಲಿ ಅದೇ ಬಗೆಯ ಬೆನ್ರಲಿಜುಮ್ಯಾಬ್ ಸೋತಿತು. ಈ ಕಣ ಹೆಚ್ಚಿರುವವರನ್ನಷ್ಟೇ ಆರಿಸಿ ನಡೆಸಿದ ಡುಪಿಲುಮ್ಯಾಬ್ ಪ್ರಯೋಗಗಳಲ್ಲಿ ರೋಗ ಉಲ್ಬಣಿಸುವುದು 2023ರಲ್ಲಿ ಶೇ 30ರಷ್ಟು, 2024ರಲ್ಲಿ ಶೇ 34ರಷ್ಟು ತಗ್ಗಿತು; ಅದೇ ವರ್ಷ ಅದಕ್ಕೆ ಒಪ್ಪಿಗೆ ಸಿಕ್ಕಿತು. ಮರುವರ್ಷ ಮೆಪೊಲಿಜುಮ್ಯಾಬ್‌ಗೂ ಒಪ್ಪಿಗೆ ದೊರೆಯಿತು. ನೆಬ್ಯುಲೈಸರ್ ಮೂಲಕ ಕೊಡುವ ಎನ್ಸಿಫೆಂಟ್ರಿನ್ ಮೂರನೆಯದು. ಅದರ ಹಾದಿ ಬೇರೆ, ಅದು ಇಯೋಸಿನೊಫಿಲ್ ಬೆನ್ನು ಹತ್ತಿದ್ದಲ್ಲ.

ಡುಪಿಲುಮ್ಯಾಬ್ ಪ್ರಯೋಗಕ್ಕೆ ಸೇರಲು ಕನಿಷ್ಠ ದಿನಕ್ಕೊಂದು ಪ್ಯಾಕಿನಂತೆ ಹತ್ತು ವರ್ಷ ಸಿಗರೇಟು ಸೇದಿದಷ್ಟು ಹಿನ್ನೆಲೆ ಬೇಕಿತ್ತು. ಒಂದೇ ಬಗೆಯ ರೋಗಿಗಳಿದ್ದರೆ ಫಲಿತಾಂಶ ನಿಚ್ಚಳವಾಗುತ್ತದೆ, ಒಪ್ಪೋಣ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಸಿಒಪಿಡಿಯಲ್ಲಿ ತಂಬಾಕಿನ ಪಾಲು ಶೇ 30ರಿಂದ 40 ಮಾತ್ರ. ಎಪ್ಪತ್ತರೊಳಗೆ ಈ ರೋಗದಿಂದ ಸಾಯುವವರಲ್ಲಿ ಶೇ 90ರಷ್ಟು ಮಂದಿ ಇರುವುದೂ ಅಲ್ಲಿಯೇ. ಒಲೆಯ ಹೊಗೆ ಕುಡಿದವರಲ್ಲಿ ಗಾಳಿಚೀಲಗಳು ಹಾಳಾಗುವುದು ಕಡಿಮೆ, ಶ್ವಾಸನಾಳಗಳ ಹಾನಿ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಅಂಥವರಿಗೆ ಚಿಕಿತ್ಸೆ ಬರೆಯುವ ವೈದ್ಯರು ಇಂದಿಗೂ ಬಹುಪಾಲು ಸಿಗರೇಟು ಸೇದಿದವರ ಅಂಕಿಅಂಶಗಳನ್ನೇ ನೆಚ್ಚಿಕೊಳ್ಳಬೇಕಾಗಿದೆ.