ನಮ್ಮ ಮಾವನ ಬಗ್ಗೆ ವಿಕಿಪೀಡಿಯ ಪುಟ ಮಾಡಬಹುದಾ?

ಪ್ರಶ್ನೆ: ನಮ್ಮ ಮಾವನವರು ಕಂಪನಿ ನಾಟಕಗಳಲ್ಲಿ 40 ವರ್ಷ ಪೇಟಿ (ಹಾರ್ಮೋನಿಯಂ) ನುಡಿಸಿದವರು. ಈಗ ಹರಿಹರದಲ್ಲಿ ಮನೆಯಲ್ಲೇ ಇದ್ದಾರೆ. ಅವರ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಒಂದು ಪುಟ ಬರೆದೆ. ಎರಡೇ ದಿನಕ್ಕೆ ಅಳಿಸಬೇಕು ಅಂತ ಗುರುತು ಹಾಕಿದ್ದಾರೆ. ಮೊನ್ನೆ ಮೊನ್ನೆ ಹಾಡೋಕೆ ಶುರು ಮಾಡಿದ ಹುಡುಗರಿಗೆಲ್ಲ ಪುಟ ಇದೆ. ನಮ್ಮ ಮಾವ ಅಷ್ಟಕ್ಕೂ ಲಾಯಕ್ಕಿಲ್ಲವಾ?

ಉತ್ತರ: ಲಾಯಕ್ಕಿನ ಮಾತು ಬಿಡಿ. ನಿಮ್ಮ ಮಾವನವರು ಹೇಗೆ ನುಡಿಸುತ್ತಾರೆ ಅಂತ ಅಲ್ಲಿ ಯಾರೂ ಕೇಳುವುದೇ ಇಲ್ಲ. ಅವರು ಕೇಳುವುದು ಬೇರೆ. ಇವರ ನೆಂಟರಲ್ಲದ, ಶಿಷ್ಯರಲ್ಲದ, ಇವರಿಂದ ದುಡ್ಡು ತಗೊಳ್ಳದ ಯಾರಾದರೂ ಕೂತು ಇವರ ಬಗ್ಗೆಯೇ ನಾಲ್ಕು ಪ್ಯಾರಾ ಬರೆದಿದ್ದಾರಾ? ಅದು ನಂಬುವಂಥ ಪತ್ರಿಕೆಯಲ್ಲೋ ಪುಸ್ತಕದಲ್ಲೋ ಅಚ್ಚಾಗಿದೆಯಾ? ಒಂದು ಕಡೆ ಬಂದರೆ ಸಾಲದು, ಒಂದಕ್ಕಿಂತ ಜಾಸ್ತಿ ಕಡೆ ಬಂದಿರಬೇಕು. ಇದಕ್ಕೆ ವಿಕಿಪೀಡಿಯದಲ್ಲಿ ‘ಗಮನಾರ್ಹತೆ’ ಅಂತಾರೆ. ಆ ಪದವೇ ಸ್ವಲ್ಪ ಚುಚ್ಚುತ್ತದೆ, ಗೊತ್ತು. ‘ಗಮನಾರ್ಹರಲ್ಲ’ ಅಂತ ಓದಿದ ಮನೆಯವರಿಗೆ ಬೇಜಾರಾಗದೆ ಇನ್ನೇನಾಗುತ್ತದೆ? ಆದರೆ ಅದರ ಅರ್ಥ ಇಷ್ಟೇ: ಪುಟ ಕಟ್ಟಲು ಬೇಕಾದ ಇಟ್ಟಿಗೆ ಇನ್ನೂ ಕಣ್ಣಿಗೆ ಬಿದ್ದಿಲ್ಲ.

ಸಂಗೀತಗಾರರಿಗೆ ಅಂತಲೇ ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಪಟ್ಟಿ ಇದೆ. ದೇಶದ ಹಾಡುಗಳ ಚಾರ್ಟ್‌ನಲ್ಲಿ ಹಾಡು ಬಂದಿರಬೇಕು, ಇಲ್ಲವೇ ಹೆಸರಾಂತ ಕಂಪನಿಯಿಂದ ಎರಡಾದರೂ ಆಲ್ಬಂ ಬಂದಿರಬೇಕು, ಇಲ್ಲವೇ ದೊಡ್ಡ ಪ್ರಶಸ್ತಿ ಬಂದಿರಬೇಕು, ಹೀಗೆ ಸಾಗುತ್ತದೆ. ಇವುಗಳಲ್ಲಿ ಒಂದಿದ್ದರೂ ಪುಟಕ್ಕೆ ದಾರಿ ಆಗಬಹುದು. ಆಗಬಹುದು ಅಷ್ಟೇ, ಗ್ಯಾರಂಟಿ ಇಲ್ಲ. ನನ್ನ ಕೇಳಿದರೆ ಈ ಪಟ್ಟಿ ನಮ್ಮ ಕಡೆಯವರಿಗೆ ಬರೆದದ್ದೇ ಅಲ್ಲ. ನಮ್ಮ ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಟೆಂಟಿನಲ್ಲಿ ಬೆಳಗಿನ ಜಾವದವರೆಗೆ ಕಾಲುಪೆಟ್ಟಿಗೆ (ಕಾಲಲ್ಲಿ ತುಳಿದು ಗಾಳಿ ಊದುವ ಹಾರ್ಮೋನಿಯಂ) ತುಳಿದವರಿಗೆ ಯಾವ ಚಾರ್ಟ್? ನೀವು ಹೇಳಿದ ಹುಡುಗರಿಗೆ ಪುಟ ಸಿಗುವುದೂ ಇದೇ ಕಾರಣಕ್ಕೆ. ಒಂದು ಹಾಡು ಓಡಿದರೆ ಸಾಕು, ಅವರ ಮೇಲೆ ಹತ್ತು ಕಡೆ ಲೇಖನ ಬರುತ್ತದೆ. ಟೆಂಟ್ ಎತ್ತಿದ ಮೇಲೆ ಕಂಪನಿ ನಾಟಕದ್ದು ಒಂದು ಹಾಳೆಯೂ ಉಳಿಯಲ್ಲ. ಹಾಗಾಗಿ ನಮ್ಮವರಿಗೆ ಉಳಿಯುವ ದಾರಿ ಮೊದಲು ಹೇಳಿದ್ದೇ: ಬೇರೆಯವರು ಬರೆದದ್ದು.

ಈಗ ನೀವು ವಾಟ್ಸ್ಯಾಪ್‌ನಲ್ಲಿ ಕಳಿಸಿದ ಫೈಲಿಗೆ ಬರುತ್ತೇನೆ. ಒಟ್ಟು 43 ಪೇಪರ್ ಕಟಿಂಗ್. ರಾತ್ರಿ ಕೂತು ಒಂದೊಂದನ್ನೂ ದೊಡ್ಡದು ಮಾಡಿ ಓದಿದೆ. 29ರಲ್ಲಿ ಇರುವುದು ಕಾರ್ಯಕ್ರಮದ ಸುದ್ದಿ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು ಎಲ್ಲ ಮುಗಿದು ಕೊನೆಯ ಸಾಲಲ್ಲಿ ‘ಹಾರ್ಮೋನಿಯಂ ಸಾಥ್ ನೀಡಿದರು’ ಅಂತ ಮಾವನವರ ಹೆಸರು. ಇದು ಲೆಕ್ಕಕ್ಕಿಲ್ಲ. ಒಂಬತ್ತು ಸನ್ಮಾನದ ಫೋಟೋಗಳು. ಶಾಲು, ಹಾರ, ಹಣ್ಣಿನ ಬುಟ್ಟಿ, ಕೆಳಗೆ ಒಂದು ಸಾಲು. ಅವೂ ಇಲ್ಲ. ಮೂರು ಕಟಿಂಗ್ ನಿಮ್ಮ ಮನೆಯವರೇ ಕೊಟ್ಟ ಅಭಿನಂದನೆಯ ಜಾಹೀರಾತು. ಅದನ್ನು ಆಧಾರ ಅಂತ ಪುಟದಲ್ಲಿ ಹಾಕಿದ್ದು ನೀವು ಮಾಡಿದ ದೊಡ್ಡ ತಪ್ಪು. ಅಳಿಸುವ ಗುರುತು ಬಿದ್ದದ್ದೂ ಬಹುಶಃ ಅದರಿಂದಲೇ.

ಇನ್ನು ಉಳಿದವು ಎರಡು. ಅವು ಮಾತ್ರ ಚಿನ್ನ.

ಒಂದು, ಯಾರೋ ವರದಿಗಾರರು ನಾಟಕ ನೋಡಿ ಬರೆದ ಅರ್ಧ ಪುಟದ ಲೇಖನ. ಕಥಾನಾಯಕನ ಗಂಟಲು ಕಟ್ಟಿದ ದಿನ ಪೇಟಿ ಮಾಸ್ತರು, ಅಂದರೆ ನಿಮ್ಮ ಮಾವನವರು, ಮೊದಲ ಸಾಲು ಕೇಳಿಯೇ ಅದನ್ನು ಹಿಡಿದದ್ದು, ಎರಡನೇ ಹಾಡಿಗೆ ಶ್ರುತಿಯನ್ನು ಕರಿ ಎರಡರಿಂದ ಕರಿ ಒಂದಕ್ಕೆ ಇಳಿಸಿ ಅವನನ್ನು ಕಾಪಾಡಿದ್ದು, ಎಲ್ಲ ಅದರಲ್ಲಿದೆ. ಇಂಥ ವಿವರ ಬರೆಯಲು ಆ ವರದಿಗಾರರಿಗೆ ಯಾವ ದಾಕ್ಷಿಣ್ಯವೂ ಇರಲಿಲ್ಲ, ಅಲ್ವಾ? ವಿಕಿಪೀಡಿಯಕ್ಕೆ ಬೇಕಾದದ್ದು ಇದು. ಆದರೆ ನಿಮ್ಮ ಮನೆಯಲ್ಲಿ ಯಾರೋ ಅಂಚು ಚೆನ್ನಾಗಿ ಕಾಣಲಿ ಅಂತ ನೀಟಾಗಿ ಕತ್ತರಿಸಿದ್ದಾರೆ. ಪತ್ರಿಕೆಯ ಹೆಸರೂ ಇಲ್ಲ, ತಾರೀಖೂ ಇಲ್ಲ!

ಅದಕ್ಕೇ ಮಗುಚಿ ಫೋಟೋ ತೆಗೆದು ಕಳಿಸಿ ಅಂದದ್ದು. ಹಿಂದುಗಡೆ ಮೆಕ್ಕೆಜೋಳದ ದರ ಇದೆ. ಅದರ ಪಕ್ಕದಲ್ಲಿ ವಿಧಾನಸಭಾ ಚುನಾವಣೆಯ ಪ್ರಚಾರ ಸಭೆಯ ಸುದ್ದಿ, ಅರ್ಧ ಕತ್ತರಿಗೆ ಹೋಗಿದೆ. ಉಳಿದ ಅರ್ಧದಲ್ಲಿ ‘ಚಿತ್ರದುರ್ಗ ಜಿಲ್ಲೆಯ ದಾವಣಗೆರೆ’ ಅಂತ ಸ್ಪಷ್ಟವಾಗಿದೆ. ದಾವಣಗೆರೆ ಬೇರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ಕ್ಕೆ. ಅಂದರೆ ಕಟಿಂಗ್ ಅದಕ್ಕೂ ಹಿಂದಿನದು. ಅದಕ್ಕೆ ಹಿಂದೆ ವಿಧಾನಸಭೆಗೆ ಚುನಾವಣೆ ಆದದ್ದು 1994ರ ಕೊನೆಗೆ, ಅದಕ್ಕೂ ಮೊದಲು 1989ರ ನವೆಂಬರಿನಲ್ಲಿ. ಮಾವನವರಿಗೆ ಯಾವ ಕಂಪನಿಯಲ್ಲಿ ಯಾವ ವರ್ಷ ಇದ್ದೆ ಅಂತ ನೆನಪಿದ್ದರೆ ಯಾವ ಚುನಾವಣೆ ಅಂತ ಗೊತ್ತಾಗಬಹುದು. ಆಮೇಲೆ ಹಳೇ ಪತ್ರಿಕೆ ಬೈಂಡ್ ಮಾಡಿಟ್ಟಿರುವ ಕಡೆ ಹೋಗಿ ಒಂದೆರಡು ತಿಂಗಳ ಸಂಚಿಕೆ ತಿರುವಿದರೆ ಸಾಕು. ಹಾಂ, ಹುಡುಕುವಾಗ ಚಿತ್ರದುರ್ಗ ಜಿಲ್ಲೆಯ ಸುದ್ದಿಯ ಪುಟದಲ್ಲಿ ನೋಡಿ. ದಾವಣಗೆರೆ ಪುಟ ಅಂತ ಹುಡುಕಿದರೆ ಸಿಗಲಿಕ್ಕಿಲ್ಲ.

ಆನ್‌ಲೈನ್‌ನಲ್ಲಿ ಲಿಂಕ್ ಇಲ್ಲವಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಲಿಂಕ್ ಇರಲೇಬೇಕು ಅಂತ ನಿಯಮವೇ ಇಲ್ಲ. ಪತ್ರಿಕೆಯ ಹೆಸರು, ತಾರೀಖು, ಪುಟ ಸಂಖ್ಯೆ, ಬರೆದವರ ಹೆಸರು ಕೊಟ್ಟರೆ ಕಾಗದದ ಆಧಾರವೂ ಆಧಾರವೇ.

ಎರಡನೇ ಕಟಿಂಗ್‌ನಲ್ಲಿ ತಾರೀಖು ಇದೆ. ಆದರೆ ಅದು ಪೂರ್ತಿ ಸಂದರ್ಶನ. ಮಾವನವರೇ ತಮ್ಮ ಬಗ್ಗೆ ಹೇಳಿಕೊಂಡದ್ದು. ಊರು, ಗುರುಗಳು ಇಂಥ ವಿವರಕ್ಕೆ ಬಳಸಬಹುದು. ಗಮನಾರ್ಹತೆಗೆ ಮಾತ್ರ ಅದು ಅರ್ಧ ತೂಕದ್ದು.

ನೀವು ಇನ್ನೊಂದು ಮಾತು ಬರೆದಿದ್ದಿರಿ, ಮಾವನವರು ದೊಡ್ಡ ದೊಡ್ಡ ಕಲಾವಿದರಿಗೆ ಸಾಥ್ ಕೊಟ್ಟಿದ್ದಾರೆ ಅಂತ. ಒಪ್ಪಿದೆ. ಆದರೆ ಅವರ ಹೆಸರು ಇವರಿಗೆ ಹೀಗೆ ಹರಿದು ಬರುವುದಿಲ್ಲ. ನಮ್ಮೂರಿನ ರಂಗನಟಿ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ಅವರ ಬಗ್ಗೆ ಪುಟ ಇರುವುದಕ್ಕೆ ಯಾರ ತಕರಾರೂ ಇರಲ್ಲ. ಹಾಗಂತ ಅವರ ಕಂಪನಿಯಲ್ಲಿ ಪೇಟಿ, ತಬಲಾ ನುಡಿಸಿದ ಎಲ್ಲರಿಗೂ ತಾನಾಗಿಯೇ ಪುಟ ಸಿಗುವುದಿಲ್ಲ. ಒಬ್ಬೊಬ್ಬರ ಬಗ್ಗೆಯೂ ಬೇರೆಯಾಗಿ ಬರೆದದ್ದು ಬೇಕು.

ಹಳ್ಳಿಯವರಿಗೆ, ಓದು ಬರಹ ಇಲ್ಲದವರಿಗೆ ಇದು ಅನ್ಯಾಯ ಅಂತ ಎಷ್ಟೋ ಜನ ನನ್ನ ಹತ್ತಿರ ಜಗಳ ಆಡಿದ್ದಾರೆ. ಅರ್ಧ ನಿಜ. ಆದರೆ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನು ನೋಡಿ. ಅಕ್ಷರ ಬರುತ್ತಿರಲಿಲ್ಲ. ಆಲ್ಬಂ ಗೀಲ್ಬಂ ಕೇಳಲೇಬೇಡಿ. ಸಾವಿರಾರು ಹಾಡು ಬಾಯಲ್ಲೇ ಇದ್ದವು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರು ಅವರಂಥವರು ಹಟ್ಟಿಗೆ ಹೋಗಿ, ಕೂತು ಕೇಳಿ, ಬರೆದುಕೊಂಡರು. ಅದು ಪುಸ್ತಕ ಆಯಿತು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. ಇವತ್ತು ಸಿರಿಯಜ್ಜಿಯ ಬಗ್ಗೆ ಪುಟ ಬರೆಯಲು ಹೊರಟವರಿಗೆ ಸರಕಿನ ಕೊರತೆ ಇಲ್ಲ. ಪಕ್ಕದ ಹಟ್ಟಿಯಲ್ಲಿ ಅಷ್ಟೇ ಚೆನ್ನಾಗಿ ಹಾಡುತ್ತಿದ್ದ ಇನ್ನೊಬ್ಬ ಅಜ್ಜಿ ಇದ್ದಿರಬಹುದು. ಅವರ ಹತ್ತಿರ ಯಾರೂ ಹೋಗಿ ಕೂರಲಿಲ್ಲ. ವಿಕಿಪೀಡಿಯ ಆ ತಪ್ಪನ್ನು ಸರಿ ಮಾಡಲಾರದು. ಅದು ಎಲ್ಲರಿಗಿಂತ ಕೊನೆಗೆ ಬರುವ ಪುಸ್ತಕ.

ಹಾಗಾಗಿ ಬೇರೆ ಕಡೆಯೂ ಹುಡುಕಿ. ರಂಗಭೂಮಿ ಬಗ್ಗೆ ಪಿಎಚ್‌ಡಿ ಮಾಡಿದವರ ಪ್ರಬಂಧಗಳಲ್ಲಿ ಕಂಪನಿ ಸಂಗೀತದ ಬಗ್ಗೆ ಒಂದು ಅಧ್ಯಾಯ ಇರುವುದುಂಟು. ಅಕಾಡೆಮಿಗಳು ತಂದ ಕಲಾವಿದರ ಪರಿಚಯ ಪುಸ್ತಕಗಳಿವೆ. ಅಕಾಡೆಮಿಯ ವಾರ್ಷಿಕ ಪ್ರಶಸ್ತಿ ಬಂದಿದ್ದರೆ ಅದಕ್ಕೆ ತೂಕ ಇದೆ. ಆಕಾಶವಾಣಿಯ ಆಡಿಷನ್‌ನಲ್ಲಿ ಗ್ರೇಡ್ ಸಿಕ್ಕಿದ್ದರೆ ಅದನ್ನೂ ಬರೆಯಬಹುದು, ಆದರೆ ಅದೊಂದರಿಂದಲೇ ಪುಟ ನಿಲ್ಲುವುದಿಲ್ಲ. ದುಡ್ಡು ಕೊಟ್ಟರೆ ಸಿಗುವ ‘ಗೌರವ ಡಾಕ್ಟರೇಟ್’ ಮಾತ್ರ ದಯವಿಟ್ಟು ಬೇಡ. ಅದನ್ನು ನೋಡಿದ ಕೂಡಲೇ ಹಳೇ ಸಂಪಾದಕರಿಗೆ ಉಳಿದದ್ದರ ಮೇಲೂ ಅನುಮಾನ ಬರುತ್ತದೆ. ಯೂಟ್ಯೂಬ್ ವ್ಯೂಸ್‌ಗೂ ಅಲ್ಲಿ ಬೆಲೆ ಇಲ್ಲ.

ಬರೆಯುವವರು ನೀವೇ ಆಗುವುದೂ ಒಳ್ಳೆಯದಲ್ಲ. ಅಳಿಯ ಬರೆದರೆ ಹೇಗಿರುತ್ತದೆ ಅಂತ ನಿಮ್ಮ ಪುಟದ ಮೊದಲ ಸಾಲೇ ಹೇಳುತ್ತಿದೆ: ‘ನಾದಲೋಕದ ಧ್ರುವತಾರೆ’. ಸುಮ್ನೆ ‘ಹಾರ್ಮೋನಿಯಂ ವಾದಕರು’ ಅಂದಿದ್ದರೆ ಸಾಕಿತ್ತು. ನಾನು ಅವರ ಅಳಿಯ ಅಂತ ಚರ್ಚೆ ಪುಟದಲ್ಲಿ ನೇರವಾಗಿ ಹೇಳಿ, ಕಟಿಂಗ್‌ಗಳ ವಿವರ ಕೊಟ್ಟು, ಬೇರೆ ಯಾರಾದರೂ ಬರೆಯಲಿ ಅಂತ ಕೇಳಿ. ಕನ್ನಡ ವಿಕಿಪೀಡಿಯದ ಸಂಪಾದಕರು ಸೇರಿ ಮಾತಾಡುವ ಅರಳಿಕಟ್ಟೆ ಅಂತ ಒಂದು ಪುಟ ಇದೆ, ಅಲ್ಲಿಯೂ ಕೇಳಬಹುದು. ಪುಟ ಮಾಡಿಕೊಡುತ್ತೇವೆ, ಇಷ್ಟು ಸಾವಿರ ಕೊಡಿ ಅಂತ ಫೋನ್ ಬಂದರೆ ಇಟ್ಟುಬಿಡಿ. ದುಡ್ಡು ತಗೊಂಡು ಬರೆಯುವವರು ಅದನ್ನು ಬಹಿರಂಗವಾಗಿ ಹೇಳಬೇಕು ಅಂತ ನಿಯಮ ಇದೆ. ಫೋನ್ ಮಾಡುವವರು ಯಾರೂ ಹೇಳುವುದಿಲ್ಲ.

ಹಾಗಾದರೆ ಈಗ ಪುಟ ಆಗುತ್ತದಾ? ಈಗಿರುವುದರಲ್ಲಿ ಇಲ್ಲ. ಮೆಕ್ಕೆಜೋಳದ ಕಟಿಂಗ್‌ಗೆ ತಾರೀಖು ಸಿಕ್ಕಿ, ಅದರ ಜೊತೆಗೆ ಅಂಥದೇ ಇನ್ನೊಂದು ಸಿಕ್ಕರೆ ನಾನೇ ಕೂತು ಬರೆಯುತ್ತೇನೆ. ಅಲ್ಲಿಯವರೆಗೆ ಬರೆದದ್ದನ್ನು ಅಳಿಸಿ ಹೋಗುವ ಮೊದಲೇ ನಿಮ್ಮ ಪ್ರಯೋಗಪುಟಕ್ಕೆ (ವಿಕಿಪೀಡಿಯದಲ್ಲಿ ನಿಮ್ಮ ಖಾತೆಯ ಕರಡು ಪುಟ) ನಕಲು ಮಾಡಿಟ್ಟುಕೊಳ್ಳಿ. ಮತ್ತೆ, ಮನೆಯಲ್ಲಿ ಕತ್ತರಿ ಯಾರ ಕೈಲಿದೆಯೋ ಅವರಿಗೆ ಹೇಳಿ, ಇನ್ನು ಮೇಲೆ ಪೇಪರಿನ ಇಡೀ ಹಾಳೆ ಎತ್ತಿಡಲಿ.