ಪರಿಸರ ಪಾಠದಲ್ಲಿ ಕಳೆದುಹೋದ ಐದನೇ ಗುರಿ

ಓದು, ಬರೆ, ಅಂಕ ತಗೋ. ಶಾಲೆಯ ಪರಿಸರ ಪಾಠ ಹೆಚ್ಚಾಗಿ ಇಷ್ಟೇ ಆಗಿಬಿಟ್ಟಿದೆ ಅಲ್ವಾ? ಇದನ್ನು ರೂಪಿಸಿದವರ ಮನಸ್ಸಿನಲ್ಲಿದ್ದದ್ದೇ ಬೇರೆ.

1972ರಲ್ಲಿ ವಿಶ್ವಸಂಸ್ಥೆ ಸ್ಟಾಕ್‌ಹೋಮ್‌ನಲ್ಲಿ ಪರಿಸರ ಸಮ್ಮೇಳನ ನಡೆಸಿತು. ಪರಿಸರದ ಬಗ್ಗೆ ಎಲ್ಲರಿಗೂ ಕಲಿಸಬೇಕು ಎಂಬ ಶಿಫಾರಸು ಅಲ್ಲಿ ಬಂತು. ಹೇಗೆ ಕಲಿಸಬೇಕು ಅನ್ನೋದು ಖಚಿತವಾಗಿದ್ದು 1977ರ ಅಕ್ಟೋಬರ್‌ನಲ್ಲಿ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಟಿಬಿಲಿಸಿ ನಗರದಲ್ಲಿ ನಡೆದ ಸಮ್ಮೇಳನದಲ್ಲಿ. ಗುರಿಗಳು ಐದು: ಅರಿವು, ತಿಳಿವಳಿಕೆ, ಮನೋಭಾವ, ಕೌಶಲ, ಭಾಗವಹಿಸುವಿಕೆ. ಪರಿಸರ ಪಾಠ ಬೇರೆ ಬೇರೆ ವಿಷಯಗಳಲ್ಲಿ ಬೆರೆಯಬೇಕು ಎಂದೂ ಅಲ್ಲಿ ಹೇಳಿದರು.

ನನ್ನ ಪ್ರಕಾರ ಶಾಲೆಗಳು ಎಡವಿದ್ದು ಇಲ್ಲೇ. ಮೊದಲ ಎರಡನ್ನು ಪರೀಕ್ಷೆಯಲ್ಲಿ ಕೇಳಬಹುದು. ಅವು ಉಳಿದವು. ಮಗು ತಾನಾಗಿ ಒಂದು ಕೆಲಸಕ್ಕೆ ಕೈ ಹಾಕಿತಾ ಅಂತ ಪ್ರಶ್ನೆಪತ್ರಿಕೆ ಹೇಗೆ ಕೇಳೀತು? ಐದನೆಯದು ಹಿಂದೆ ಬಿತ್ತು.

ಅದು ಶಾಲೆಯ ಹೊರಗೆ ಕಾಣಿಸಿಕೊಂಡಿತು. 1992ರಲ್ಲಿ ಬ್ರೆಜಿಲ್‌ನ ರಿಯೋದಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಶೃಂಗಸಭೆಯಲ್ಲಿ ಮಾತಾಡಿದ ಕೆನಡಾದ ಸೆವರ್ನ್ ಸುಜುಕಿಗೆ ಆಗ 12 ವರ್ಷ. ಅವಳು ಮತ್ತು ಗೆಳತಿಯರು ತಾವೇ ಹಣ ಕೂಡಿಸಿಕೊಂಡು ಅಲ್ಲಿಗೆ ಹೋಗಿದ್ದರು.

1994ರಲ್ಲಿ ಯುರೋಪಿನಲ್ಲಿ ಶುರುವಾದ ಇಕೋ-ಸ್ಕೂಲ್ಸ್ ಯೋಜನೆ ಆ ಗುರಿಯನ್ನು ಮತ್ತೆ ಶಾಲೆಯೊಳಗೆ ತಂದಿತು. ಮಕ್ಕಳೂ ಇರುವ ಒಂದು ಸಮಿತಿ ಮೊದಲು ತಮ್ಮ ಶಾಲೆಯನ್ನೇ ಪರಿಶೀಲಿಸುತ್ತದೆ. ಒಂದು ಸೋರುವ ನಲ್ಲಿಯನ್ನೇ ತಗೊಳ್ಳಿ. ಅದರ ಕೆಳಗೆ 200 ಮಿಲಿಲೀಟರ್ ಲೋಟ ಇಟ್ಟರೆ 10 ನಿಮಿಷಕ್ಕೆ ತುಂಬುತ್ತದೆ ಅಂದುಕೊಳ್ಳಿ. ದಿನಕ್ಕೆ 144 ಲೋಟ, ಅಂದರೆ 28.8 ಲೀಟರ್. ಇದು ಗಣಿತ. ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದರೆ ಭಾಷೆಯ ಪಾಠ. ನಲ್ಲಿ ರಿಪೇರಿ ಆಗುವವರೆಗೂ ಬೆನ್ನು ಬಿದ್ದರೆ ಅದೇ ಐದನೇ ಗುರಿ. ಎಷ್ಟು ಸರಳ ನೋಡಿ!

2005ರಿಂದ 2014ರವರೆಗೆ ಸುಸ್ಥಿರ ಅಭಿವೃದ್ಧಿಯ ಶಿಕ್ಷಣಕ್ಕಾಗಿ ವಿಶ್ವಸಂಸ್ಥೆಯ ದಶಕವೂ ನಡೆಯಿತು. 2015ರಲ್ಲಿ ಒಪ್ಪಿದ 17 ಜಾಗತಿಕ ಗುರಿಗಳಲ್ಲೂ ಈ ಶಿಕ್ಷಣ ಸೇರಿತು. ಆದರೂ 2021ರಲ್ಲಿ ಯುನೆಸ್ಕೊ 100 ದೇಶಗಳ ಪಠ್ಯಕ್ರಮ ಚೌಕಟ್ಟು ನೋಡಿದಾಗ, ಶೇ 47ರಲ್ಲಿ ಹವಾಮಾನ ಬದಲಾವಣೆಯ ಮಾತೇ ಇರಲಿಲ್ಲ. ಓದಿ ಬೇಸರವಾಯಿತು.

ಇದಕ್ಕೆ ಶಿಕ್ಷಕರನ್ನು ಸುಮ್ನೆ ದೂರುವುದು ತಪ್ಪು. ಯುನೆಸ್ಕೊ ಸಮೀಕ್ಷೆಯಲ್ಲಿ ಸುಮಾರು ಶೇ 95 ಶಿಕ್ಷಕರು ಹವಾಮಾನ ಬದಲಾವಣೆಯ ಬಗ್ಗೆ ಕಲಿಸುವುದು ಮುಖ್ಯ ಎಂದಿದ್ದಾರೆ. ಧೈರ್ಯವಾಗಿ ಕಲಿಸಬಲ್ಲೆವು ಎಂದವರು ಶೇ 40ಕ್ಕಿಂತ ಕಡಿಮೆ. ತಮ್ಮ ಪ್ರದೇಶದ ಮೇಲಾಗುವ ಪರಿಣಾಮವನ್ನು ಚೆನ್ನಾಗಿ ವಿವರಿಸಬಲ್ಲವರು ಮೂವರಲ್ಲಿ ಒಬ್ಬರಷ್ಟೇ. ಮಕ್ಕಳು ಕೇಳೋದು ಅದನ್ನೇ: "ನಮ್ಮೂರಿಗೆ ಏನಾಗುತ್ತೆ?"