ನಡುವಿಗೆ ಬಂದ ಪಕ್ಷ ಗೆಲ್ಲುತ್ತದೆಯೇ? ಕೋಲಾರ, ತುಮಕೂರು ಸೀಮೆಯ ಲೆಕ್ಕದೊಂದಿಗೆ

ಪಕ್ಷಗಳು ಓಟಿಗಾಗಿ ಯಾವ ನಿಲುವು ತಳೆಯುತ್ತವೆ ಎಂಬುದರ ಬಗ್ಗೆ ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ 1957ರಲ್ಲಿ ಮುಂದಿಟ್ಟ ಮಾದರಿಯನ್ನು ಉತ್ತರ ಪತ್ರಿಕೆಗಳಲ್ಲಿ ಒಂದೇ ಸಾಲಿಗೆ ಇಳಿಸಿಬಿಡುವುದುಂಟು: ನಡುವಿಗೆ ಬಂದ ಪಕ್ಷ ಗೆಲ್ಲುತ್ತದೆ. ಅದು ಎರಡೇ ಪಕ್ಷ, ಒಂದೇ ಪ್ರಶ್ನೆ ಇದ್ದಾಗಿನ ಮಾತು.

ಲೆಕ್ಕ ಹಾಕಿಯೇ ನೋಡಿ. ಒಂದು ಪ್ರಶ್ನೆಯ ಮೇಲಿನ ನಿಲುವುಗಳನ್ನು ಒಂದು ತುದಿಯಿಂದ ಇನ್ನೊಂದಕ್ಕೆ ತೋರಿಸುವ ಗೆರೆ ಎಳೆದು 0ಯಿಂದ 10ರವರೆಗೆ ಅಂಕಿಗೊಬ್ಬ ಮತದಾರನನ್ನು ನಿಲ್ಲಿಸಿ; ಒಟ್ಟು 11 ಜನ, ಮಧ್ಯಾಂಕ (ಸರಿಯಾಗಿ ನಡುವೆ ನಿಂತವನ ಅಂಕಿ) 5. ಎಲ್ಲರೂ ತಮಗೆ ಹತ್ತಿರದ ಪಕ್ಷಕ್ಕೇ ಓಟು ಹಾಕುತ್ತಾರೆ, ದೂರ ಸಮವಾದರೆ ಓಟು ಅರ್ಧರ್ಧ. 'ಅ' ಪಕ್ಷ 5ರಲ್ಲಿ, 'ಬ' 7ರಲ್ಲಿ ನಿಂತರೆ 'ಅ'ಗೆ 6.5, 'ಬ'ಗೆ 4.5. ಈಗ 4ರಲ್ಲಿ 'ಕ' ಬರಲಿ. 'ಕ'ಗೆ 5, 'ಬ'ಗೆ ಅದೇ 4.5, ನಟ್ಟನಡುವೆ ನಿಂತ 'ಅ'ಗೆ ಬರೀ 1.5! ತ್ರಿಕೋನ ಸ್ಪರ್ಧೆಯಲ್ಲಿ ನಡುವಿನವರು ಎರಡೂ ಕಡೆಯಿಂದ ಒತ್ತಿಸಿಕೊಳ್ಳುತ್ತಾರೆ. 'ಅ' 5ರಿಂದ ಕದಲಿಲ್ಲ ಅನ್ನುವುದನ್ನು ಗಮನಿಸಿ.

ರಾಜ್ಯದ ನಡುವೇ ಕ್ಷೇತ್ರದ ನಡು ಎಂದುಕೊಳ್ಳುವುದು ಇನ್ನೊಂದು ಎಡವಟ್ಟು. ಕರ್ನಾಟಕದಲ್ಲಿ ಅಂಚಿನಲ್ಲಿರುವ ಸಿಪಿಎಂನಿಂದ ನಿಂತು ಜಿ.ವಿ. ಶ್ರೀರಾಮರೆಡ್ಡಿ ಬಾಗೇಪಲ್ಲಿಯಲ್ಲಿ 1994, 2004ರಲ್ಲಿ ಗೆದ್ದರು. ಗೆರೆಯನ್ನು ಕ್ಷೇತ್ರಕ್ಕೊಂದರಂತೆ ಎಳೆಯಬೇಕು.

ಕೆಲವು ಪ್ರಶ್ನೆಗಳಿಗೆ ಗೆರೆಯೇ ಇರುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರಕ್ಕೆ ನೀರು ಬೇಡ ಎನ್ನುವ ಪಕ್ಷ ಯಾವುದು? ಎಲ್ಲರೂ ಒಂದೇ ಕಡೆ ಇರುವಾಗ ಪೈಪೋಟಿ ಯಾರನ್ನು ನಂಬಬಹುದು ಎಂಬುದರ ಮೇಲೆ. ರಾಜಕೀಯ ಶಾಸ್ತ್ರಜ್ಞ ಡೊನಾಲ್ಡ್ ಸ್ಟೋಕ್ಸ್ 1963ರಲ್ಲಿ ಡೌನ್ಸ್‌ಗೆ ಹಾಕಿದ ಆಕ್ಷೇಪ ಇದೇ. ಆದರೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬರುವ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೆರೆಗೆ ಬಿಟ್ಟರೆ ಸಾಕೋ, ಮೂರನೇ ಹಂತವೂ ಬೇಕೋ ಎಂದು ಕೇಳಿದ ಕೂಡಲೇ ನಿಲುವುಗಳು ಬೇರೆಯಾಗುತ್ತವೆ. ಒಂದೇ ವಿಷಯ, ಪ್ರಶ್ನೆ ಕೇಳುವ ರೀತಿಯ ಮೇಲೆ ಎರಡು ಬಗೆ. ಇದನ್ನು ಬರೆದರೆ ಉತ್ತರಕ್ಕೆ ತೂಕ ಬರುತ್ತದೆ.

ಮೈತ್ರಿಯಾದಾಗ ಎರಡು ಪಕ್ಷಗಳ ಓಟು ಕೂಡಿಸಿಬಿಡಬೇಡಿ. ತುಮಕೂರಿನಲ್ಲಿ 2019ರ ಲೋಕಸಭೆಗೆ ಕಾಂಗ್ರೆಸ್-ಜೆಡಿಎಸ್ ಮೈತ್ರಿಯಿಂದ ನಿಂತ ಎಚ್.ಡಿ. ದೇವೇಗೌಡರು 13,339 ಮತಗಳಿಂದ ಸೋತರು. ಹಳ್ಳಿಹಳ್ಳಿಯಲ್ಲಿ ಎದುರಾಳಿಗಳಾಗಿದ್ದ ಕಾರ್ಯಕರ್ತರು ಒಂದಾದರೂ ಓಟು ಅಷ್ಟು ಸಲೀಸಾಗಿ ಕೈ ಬದಲಾಯಿಸುವುದಿಲ್ಲ. ವಿರೋಧದ ಜಾಗವೂ ಮೂರನೆಯವರಿಗೆ ಖಾಲಿ ಸಿಗುತ್ತದೆ.

ಕೊನೆಗೆ ಓಟನ್ನೂ ಸೀಟನ್ನೂ ಬೇರೆ ಬೇರೆ ಕಾಲಂನಲ್ಲಿ ಇಡಿ. ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಯ ಓಟಿನ ಪಾಲು 2018ರಲ್ಲೂ 2023ರಲ್ಲೂ ಸುಮಾರು ಶೇ 36. ಸೀಟು ಮಾತ್ರ 104ರಿಂದ 66ಕ್ಕೆ ಇಳಿಯಿತು. ಆ ನಡುವೆ ಕಾಂಗ್ರೆಸ್ ಪಾಲು ಶೇ 38ರಿಂದ 43ರ ಹತ್ತಿರ ಏರಿತ್ತು, ಜೆಡಿಎಸ್‌ನದು 18ರಿಂದ 13ಕ್ಕೆ ಕುಸಿದಿತ್ತು.